ಕರೆಗಂಟೆಯ ಮೇಲಿನ ಹೆಸರು

ದೆವ್ವದ ಸಿನಿಮಾಕ್ಕೆ ನಾನಾಗಿ ಹೋಗುವವಳಲ್ಲ. ಹೆದರಿಕೊಳ್ಳಲು ಟಿಕೆಟ್ ತೆಗೆಸುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಆದರೆ ಮಗಳು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿಯುತ್ತಾಳೆ. ನಾವೀಗ ಇರುವ ಜರ್ಮನ್ ಊರು ಕಾರ್ಲ್ಸ್‌ರುಹೆಯ ಸಣ್ಣ ಥಿಯೇಟರಿನಲ್ಲಿ ಭಾನುವಾರ ಮಧ್ಯಾಹ್ನ ಒಂದು ಸ್ಪ್ಯಾನಿಷ್ ಸಿನಿಮಾ ಇದೆ, ನೋಡಿ ಬನ್ನಿ ಎಂದು ಅವಳ ಟೀಚರು ಹೇಳಿದ್ದರು. ಹಳ್ಳಿಮನೆಯೊಂದರಲ್ಲಿ ಭೂತ ಕಾಣಿಸಿಕೊಳ್ಳುವ ಕತೆಯಂತೆ. ಹದಿಮೂರರ ಹುಡುಗಿಯನ್ನು ಅಂಥದ್ದಕ್ಕೆ ಒಬ್ಬಳನ್ನೇ ಕಳಿಸಲು ನನಗೆ ಧೈರ್ಯ ಬರಲಿಲ್ಲ. ಅದಕ್ಕೆ ಕಾರಣವಿತ್ತು.

ನಾಲ್ಕು ವರ್ಷಗಳ ಹಿಂದೆ ನಾವು ವೋಲ್ಫ್ಸ್‌ಬುರ್ಗ್‌ನಲ್ಲಿದ್ದಾಗ ನನ್ನ ಗಂಡ ಹೃದಯಾಘಾತದಿಂದ ತೀರಿಕೊಂಡರು. ಕಾರು ತಯಾರಿಸುವ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದರು. ಊಟವೆಂದರೆ ಅವರಿಗೆ ಪ್ರಾಣ. ತಾಟಿನ ಮುಂದೆ ಕೂತರೆ ಒಂದು ತಾಸು ಏಳುತ್ತಿರಲಿಲ್ಲ. ವರ್ಷ ತುಂಬಿದ ಮೇಲೆ ಬಂದ ಮೊದಲ ಮಹಾಲಯ ಅಮಾವಾಸ್ಯೆಗೆ, ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಮಾಡುವಂತೆಯೇ ಅವರಿಗೆ ಎಡೆ ಇಟ್ಟೆ. ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ, ಪಕ್ಕದಲ್ಲಿ ಅವರ ಇಷ್ಟದ ಗಿರ್ಮಿಟ್. ಎಡೆ ಇಟ್ಟ ಮೇಲೆ ಕೋಣೆಯ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂಡಬೇಕು, ಹೋದವರು ಬಂದು ಉಂಡುಹೋಗಲಿ ಎಂದು. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಬೇಕು.

ಅಂದು ನಾವಿಬ್ಬರೇ ಕಾರಿಡಾರಿನಲ್ಲಿ ಕೂತಿದ್ದಾಗ ಒಳಗೆ ಲೋಟ ಉರುಳಿದ ಸದ್ದಾಯಿತು. ಕಿಟಕಿ ತೆರೆದಿತ್ತು, ಗಾಳಿಗೆ ಪರದೆ ಬಡಿದು ಬಿದ್ದಿರಬೇಕು. ಹತ್ತು ವರ್ಷದ ಮಗಳು ಕಿಟಾರನೆ ಚೀರಿದಳು.

"ಪಪ್ಪಾ ಭೂತ ಆಗ್ಯಾರೇನು ಮಮ್ಮಿ?"

ವಾರಗಟ್ಟಲೆ ಅವಳು ಆ ಕೋಣೆಗೆ ಕಾಲಿಡಲಿಲ್ಲ. ನಾನೂ ಆಮೇಲೆ ಎಡೆ ಇಡಲಿಲ್ಲ. ಅಷ್ಟರಲ್ಲಿ ನನ್ನ ಕೆಲಸಕ್ಕೆಂದು ಕಾರ್ಲ್ಸ್‌ರುಹೆಗೆ ಬಂದೆವು. ಇರುವವಳ ಹೆದರಿಕೆಯೇ ದೊಡ್ಡದು, ಹೋದವರು ಅರ್ಥಮಾಡಿಕೊಳ್ಳುತ್ತಾರೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಮುಂದಿನ ಎರಡು ವರ್ಷವೂ ಮಹಾಲಯ ಅಮಾವಾಸ್ಯೆಯಂದು ನನಗೂ ಊಟ ಸೇರಲಿಲ್ಲ. ಅಂಥ ಊಟಗಾರನನ್ನು ಉಪವಾಸ ಕೆಡವಿದೆನಲ್ಲ ಎಂಬ ಸಂಕಟ. ಮಗಳ ಎದುರು ಅವರ ಮಾತೆತ್ತುವುದನ್ನೇ ಬಿಟ್ಟಿದ್ದೆ.

ಥಿಯೇಟರಿನಲ್ಲಿ ಪರದೆಯ ಕೆಳಗೆ ಜರ್ಮನ್ ಸಾಲುಗಳು ಬರುತ್ತಿದ್ದವು. ನಾನು ಒಂದು ಸಾಲು ಓದಿ ಮುಗಿಸುವಷ್ಟರಲ್ಲಿ ಅಲ್ಲಿ ಇನ್ನೇನೋ ಅನಾಹುತ ಆಗಿಹೋಗಿರುತ್ತಿತ್ತು. ನನ್ನ ಒದ್ದಾಟ ನೋಡಲಾರದೆ ಮಗಳು ಕಿವಿಯಲ್ಲಿ ಪಿಸುಗುಡತೊಡಗಿದಳು, ಅದೂ ಕನ್ನಡದಲ್ಲಿ. ಮನೆಯಲ್ಲಿ ನಾನು ಕನ್ನಡದಲ್ಲಿ ಹತ್ತು ಮಾತು ಕೇಳಿದರೆ ಜರ್ಮನ್‌ನಲ್ಲಿ ಒಂದು ಉತ್ತರ ಕೊಡುವವಳು ಅವಳು.

ಸಿನಿಮಾದಲ್ಲಿ ಪೇಟೆಯ ಕುಟುಂಬವೊಂದು ಹಳ್ಳಿಯಲ್ಲಿ ದೊಡ್ಡ ಹಳೇಮನೆ ಕೊಂಡಿದೆ. ಬಾಗಿಲ ಪಕ್ಕದ ಗೋಡೆಯಲ್ಲಿ, ಹಿಂದೆ ಅಲ್ಲಿದ್ದ ಯಜಮಾನಿಯ ಹೆಸರು ಬರೆದ ಪಿಂಗಾಣಿ ಬಿಲ್ಲೆಯೊಂದು ಕೂತಿದೆ. ಬಂದವರು ಅದನ್ನು ಕಿತ್ತು ತಮ್ಮ ಹೆಸರು ಹಾಕುತ್ತಾರೆ. ಅಂದಿನಿಂದ ಸತ್ತ ಆ ಹೆಂಗಸು ಮನೆ ತುಂಬ ತಿರುಗುತ್ತಾಳೆ, ಬಾಗಿಲು ತೆರೆಯುತ್ತಾಳೆ, ಮುಚ್ಚುತ್ತಾಳೆ. ಒಮ್ಮೆ ಹೊರಗೆ ನಿಂತು ಗೋಡೆ ಸವರುತ್ತ ಏನೋ ಕೇಳಿದಳು.

"ಆಕಿ ಕೇಳಾಕತ್ತಾಳ ಮಮ್ಮಿ," ಎಂದು ಮಗಳು ಪಿಸುಗುಟ್ಟಿದಳು. "ನನ್ನ ಹೆಸರು ಎಲ್ಲಿ ಹೋತು? ಇದು ನನ್ನ ಮನಿ ಹೌದೋ ಅಲ್ಲೋ?"

ಕೊನೆಗೆ ಪಾದ್ರಿ ಬಂದು ನೀರು ಚಿಮುಕಿಸಿ ಅವಳನ್ನು ಓಡಿಸಿದರು. ಸುತ್ತಲಿನವರು ಉಸ್ಸೆಂದರು. ನನಗೆ ಅಳು ತಡೆಯಲಾಗಲಿಲ್ಲ.

ಮನೆಗೆ ಮರಳುವ ಟ್ರಾಮಿನಲ್ಲಿ ಮಗಳು ಕಿಟಕಿಯ ಪಕ್ಕ ಕೂತಳು. ಆಮೇಲೆ ಅಂದಳು: "ಆಕಿ ಯಾರಿಗೂ ಏನೂ ಮಾಡಲೇ ಇಲ್ಲ. ಸುಮ್ನ ಮನಿ ಹುಡುಕಾಕತ್ತಿದ್ಲು." ಇನ್ನೊಂದು ನಿಲ್ದಾಣ ದಾಟಿತು. "ನಮ್ಮ ಹೊಸ ಅಡ್ರೆಸ್ ಪಪ್ಪಾಗ ಗೊತ್ತೈತೇನು? ಬೆಲ್ ಮ್ಯಾಲ ಅವರ ಹೆಸರೇ ಇಲ್ಲ."

ಈ ದೇಶದಲ್ಲಿ ಕರೆಗಂಟೆಯ ಮೇಲೆ ಹೆಸರಿಲ್ಲದವನಿಗೆ ಟಪಾಲು ಕೂಡ ಮುಟ್ಟುವುದಿಲ್ಲ. ಹಳೆಯ ಮನೆಯ ಬೆಲ್ಲಿನ ಮೇಲೆ ಅವರ ಹೆಸರಿತ್ತು. ಇಲ್ಲಿ ಕರಾರು ನನ್ನ ಹೆಸರಿನಲ್ಲಿರುವುದರಿಂದ ಇದ್ದದ್ದು ನನ್ನದೊಂದೇ. ನಾನು ತವರಿನ ಅಡ್ಡಹೆಸರನ್ನೇ ಉಳಿಸಿಕೊಂಡವಳು. ಅವಳು ಹೆದರಿದ್ದಾಳೆಂದು ನಾನು ಬಾಯಿ ಮುಚ್ಚಿಕೊಂಡಿದ್ದರೆ, ಅವಳು ಅಪ್ಪನಿಗೆ ಇಲ್ಲಿಯ ದಾರಿ ತಿಳಿಯದೆಂದು ಕೊರಗುತ್ತಿದ್ದಳು. ಒಂದು ಸಲವೂ ಅವಳನ್ನು ಕೇಳಲಿಲ್ಲವಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ಈ ಸಲ ಎಡಿ ಇಡೂಣೇನು?" ಎಂದೆ. ಅವಳು ಹೂಂ ಎಂದಳು.

ಆ ವರ್ಷದ ಮಹಾಲಯ ಅಮಾವಾಸ್ಯೆ ಭಾನುವಾರವೇ ಬಂತು. ನಾನು ಹೋಳಿಗೆ ಮಾಡುತ್ತಿದ್ದಾಗ ಮಗಳು ಕಾಗದದ ಪಟ್ಟಿ ಕತ್ತರಿಸಿ, ಇಲ್ಲಿನವರಿಗೂ ಓದಲು ಬರುವಂತೆ ಅಪ್ಪನ ಹೆಸರು ದಪ್ಪಗೆ ಬರೆದು, ಕೆಳಗಿಳಿದು ಹೋಗಿ ಬೆಲ್ಲಿನ ಪಕ್ಕ ನನ್ನ ಹೆಸರಿನ ಕೆಳಗೆ ಅಂಟಿಸಿ ಬಂದಳು. ಎಡೆ ಇಟ್ಟು, ಬಾಗಿಲು ಮುಚ್ಚಿ ಇಬ್ಬರೂ ಕಾರಿಡಾರಿನಲ್ಲಿ ಕೂತೆವು. ಕಿಟಕಿಯನ್ನು ಭದ್ರವಾಗಿ ಹಾಕಿದ್ದೆ. ಆದರೂ ನನ್ನ ಕಿವಿಯೆಲ್ಲ ಒಳಗಿನ ಸದ್ದಿಗೇ ಇತ್ತು.

ಬೆಲ್ ಸದ್ದಾಯಿತು. ಇಬ್ಬರೂ ಬೆಚ್ಚಿಬಿದ್ದೆವು.

ಬಾಗಿಲಲ್ಲಿ ನೆಲಮಹಡಿಯ ಅಜ್ಜಿ ನಿಂತಿದ್ದರು. ಕಟ್ಟಡದಲ್ಲಿ ಯಾರು ಯಾವ ಡಬ್ಬಿಗೆ ಯಾವ ಕಸ ಹಾಕಿದರು ಎಂಬುದೂ ಅವರ ಕಣ್ಣು ತಪ್ಪುವುದಿಲ್ಲ. ಬೆಲ್ಲಿನ ಮೇಲೆ ಹೊಸ ಹೆಸರಿದೆ, ಯಾರು ಬಂದಿದ್ದಾರೆ, ಮನೆ ಮಾಲೀಕರಿಗೆ ತಿಳಿಸಿದ್ದೀರಾ ಎಂದು ಕೇಳಿದರು. ಮಗಳು ಎದ್ದು ಬಂದು ಸ್ಪಷ್ಟವಾದ ಜರ್ಮನ್‌ನಲ್ಲಿ ಹೇಳಿದಳು: "ನನ್ನ ಅಪ್ಪ. ತೀರಿಕೊಂಡಿದ್ದಾರೆ. ಇವತ್ತು ನಮ್ಮ ಮನೆಗೆ ಊಟಕ್ಕೆ ಬಂದಿದ್ದಾರೆ."

ಅಜ್ಜಿ ಮುಚ್ಚಿದ ಕೋಣೆಯ ಬಾಗಿಲನ್ನು ನೋಡಿದರು, ನನ್ನನ್ನು ನೋಡಿದರು. "ಹಾಗಾದರೆ ತೊಂದರೆ ಕೊಡುವುದಿಲ್ಲ," ಎಂದು ದನಿ ತಗ್ಗಿಸಿ, ಸದ್ದಾಗದಂತೆ ಮೆಟ್ಟಿಲಿಳಿದರು.

ನಾನು ಕಣ್ಣೊರೆಸಿಕೊಂಡು ಕೋಣೆಯ ಬಾಗಿಲು ತಟ್ಟಲು ಹೋದೆ. ಮಗಳು ನನಗಿಂತ ಮುಂಚೆ ಹೋಗಿ, ಅದೇ ಬಾಗಿಲಿಗೆ ಬೆನ್ನು ಆನಿಸಿ ಕೂತುಬಿಟ್ಟಳು.

"ಇನ್ನೂ ಐದ್ ಮಿನಿಟ್ ತಡಿ ಮಮ್ಮಿ," ಎಂದಳು. "ಪಪ್ಪಾ ಸಾವಕಾಶ ಉಣತಾರ."