ಸ್ಪೇನಿನ ಮೂರು ಪ್ಲೇಟುಗಳು

ನಮ್ಮ ಭಾವ ಹಡಗಿನಲ್ಲಿ ಅಡುಗೆಯವರಾಗಿದ್ದರು. ಬೊಂಬಾಯಿಯಿಂದ ಹಡಗು ಹತ್ತಿದರೆ ಒಂದೂವರೆ ಎರಡು ವರ್ಷ ಊರಿನ ಕಡೆ ತಲೆ ಹಾಕುತ್ತಿರಲಿಲ್ಲ. ಮದುವೆಯಾದ ಮೇಲೂ ಅಕ್ಕ ಬಂಟ್ವಾಳದ ನಮ್ಮ ಮನೆಯಲ್ಲೇ ಇದ್ದು, ಜಗಲಿಯಲ್ಲಿ ಬೀಡಿ ಕಟ್ಟುತ್ತ ಅವರ ಕಾಗದಕ್ಕೆ ಕಾಯುತ್ತಿದ್ದಳು. ಅವಳಿಗೆ ಓದು ಬರುತ್ತಿರಲಿಲ್ಲ. ನರಿಕೊಂಬಿನಲ್ಲಿ ಟೀಚರಾಗಿದ್ದ ನಾನೇ ಬಂದ ಕಾಗದ ಓದಿ ಹೇಳಬೇಕು, ನಾನೇ ಉತ್ತರ ಬರೆಯಬೇಕು. ಗಂಡ ಹೆಂಡಿರ ನಡುವೆ ತಂಗಿಯೊಬ್ಬಳು ಪೆನ್ನು ಹಿಡಿದು ಕೂರುವುದು ಎಂಥ ಪಾಡು ಎಂದು ಹಾಗೆ ಕೂತವರಿಗೇ ಗೊತ್ತು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಒಮ್ಮೆ ಬಂದಾಗ ಭಾವ ಕೀ ಕೊಡುವ ಗ್ರಾಮಫೋನು ತಂದರು. ಜತೆಗೆ ಸ್ಪೇನಿನ ಯಾವುದೋ ಬಂದರಿನ ಹಳೆ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ ಒಂದು ಪ್ಲೇಟು. ಅಲ್ಲಿಯವರ ಹಾಡು, ಫ್ಲಮೆಂಕೊ ಎಂದರು. ನಾವು ಹಿಂದಿ ಸಿನಿಮಾದ ಹಾಡು ಎಂದುಕೊಂಡು ಕೂತಿದ್ದೆವು. ಪ್ಲೇಟು ತಿರುಗಿತು, ಒಬ್ಬ ಗಂಡಸು ಗಂಟಲು ಹರಿಯುವ ಹಾಗೆ ‘ಆಯ್’ ಎಂದು ಎಳೆದ. ಎಳೆದೇ ಎಳೆದ. ಅಮ್ಮ ಅಡುಗೆಮನೆಯಿಂದ ಓಡಿ ಬಂದು, “ಯಾರಿಗೆ ಎಂತಾಯ್ತು?” ಎಂದರು. ಅವನ ಹಿಂದೆ ಒಂದೇ ಒಂದು ಗಿಟಾರು. ನಡುನಡುವೆ ಸುತ್ತ ಕೂತ ನಾಲ್ಕಾರು ಜನ “ಓಲೆ! ಓಲೆ!” ಎಂದು ಕೂಗುತ್ತಿದ್ದರು.

ಓಲೆ ಎಂದರೆ ನಮಗೆ ಕಾಗದ, ಬೇರೇನಲ್ಲ.

“ಪಾಪ, ಅವರಿಗೂ ಓಲೆ ಬರ್ಲಿಲ್ವಾ?” ಎಂದು ಅಕ್ಕ ಕೇಳಿದಳು. ತಮಾಷೆಗೆ ಕೇಳಿದ್ದಲ್ಲ. ಭಾವ ಬಿದ್ದು ಬಿದ್ದು ನಕ್ಕರು.

“ಹೌದು ಮಾರಾಯ್ತಿ. ಅದು ನಿನಗೇ ಹೇಳುವುದು. ಅವರು ಓಲೆ ಅಂದಾಗೆಲ್ಲ ನನ್ನದೊಂದು ಓಲೆ ದಾರಿಯಲ್ಲಿ ಉಂಟು ಅಂತ ತಿಳ್ಕೊ.”

ಅದು ಹಾಡುವವನಿಗೆ ಶಹಬಾಸ್ ಹೇಳುವ ಮಾತು ಎಂದು ಆಮೇಲೆ ನನ್ನ ಹತ್ತಿರ ಗುಟ್ಟಾಗಿ ಹೇಳಿದರು. ಅಕ್ಕನಿಗೆ ಹೇಳಬೇಡ ಎಂದೂ ಸೇರಿಸಿದರು. ನಾನು ಹೇಳಲಿಲ್ಲ. ಭಾವ ಹೋದ ಮೇಲೆ ಅಕ್ಕ ದಿನಾ ಮಧ್ಯಾಹ್ನ ಮಡಿಲಲ್ಲಿ ಬೀಡಿ ಎಲೆಯ ಮೊರ ಇಟ್ಟುಕೊಂಡು ಆ ಪ್ಲೇಟು ಹಾಕುವಳು. ಓಲೆ ಎಂಬ ಕೂಗು ಬಂದಾಗ ಅವಳ ಕೈ ಒಂದು ಗಳಿಗೆ ನಿಲ್ಲುತ್ತಿತ್ತು.

ಮುಂದಿನ ಸಲ ಭಾವ ತಂದ ಪ್ಲೇಟು ಪೂರಾ ಬೇರೆ. ಹಾಡುವವನ ದನಿ ಪಾಯಸದಂತೆ, ಹಿಂದೆ ಪಿಟೀಲುಗಳ ದಂಡು.

“ಮೊದಲಿನದ್ದು ಹೆಂಡದಂಗಡಿಯಲ್ಲಿ, ಮನೆಯಲ್ಲಿ, ಹತ್ತು ಜನರ ಎದುರು ಹಾಡುವುದು,” ಎಂದು ಭಾವ ವಿವರಿಸಿದರು. “ಆಮೇಲೆ ದೊಡ್ಡ ಥಿಯೇಟರಿಗೆ ಹೋಯ್ತು. ಅಲ್ಲಿ ಗಂಟಲು ಹರ್ಕೊಂಡ್ರೆ ಯಾರು ಕೇಳ್ತಾರೆ? ಹಾಗೆ ನಯ ಮಾಡಿದ್ದು.”

ಅಮ್ಮನಿಗೆ ಈ ನಯವೇ ಹಿಡಿಸಿತು. ಅಕ್ಕ ಮಾತ್ರ, “ಇವ ಅಳುವುದಿಲ್ಲ, ಅಳುವ ಹಾಗೆ ಮಾಡ್ತಾನೆ,” ಎಂದು ಹಳೆಯದನ್ನೇ ಹಾಕಿದಳು. ಭಾಷೆಯ ಗಂಧವಿಲ್ಲದವಳು ಸಂಗೀತದ ಪಂಡಿತರಂತೆ ಮಾತಾಡುತ್ತಾಳಲ್ಲ ಎಂದು ನಾನು ಗೇಲಿ ಮಾಡಿದೆ. ಅವಳು ಹೇಳಿದ್ದೇ ಸರಿ ಎಂದು ಈಗ ಅನ್ನಿಸುತ್ತದೆ.

ಆ ಸಲ ಭಾವ ಹೋದ ಮೇಲೆ ಕಾಗದಗಳು ತೆಳುವಾದವು. ಆಮೇಲೆ ಬರುವುದೇ ನಿಂತಿತು. ಅಕ್ಕ ನನ್ನಿಂದ ಬರೆಸುವುದನ್ನು ಬಿಡಲಿಲ್ಲ: ತಾನು ಕ್ಷೇಮ, ಅಮ್ಮ ಕ್ಷೇಮ, ನಿಮ್ಮ ಆರೋಗ್ಯ ನೋಡಿಕೊಳ್ಳಿ. ಹತ್ತು ತಿಂಗಳಾಯಿತು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಒಂದು ದಿನ ಅವಳು ಹೇಳಿದ್ದನ್ನೆಲ್ಲ ಬರೆದು ಮುಗಿಸಿ, ಕೊನೆಗೆ ಅವಳು ಹೇಳದ ಒಂದು ಸಾಲು ಸೇರಿಸಿದೆ. ‘ಬರುವುದಾದರೆ ಬನ್ನಿ, ಇಲ್ಲವಾದರೆ ಇಲ್ಲವೆಂದು ತಿಳಿಸಿ.’ ಓದಿ ಹೇಳುವಾಗ ಆ ಸಾಲನ್ನು ಬಿಟ್ಟು ಓದಿದೆ.

ಉತ್ತರವಾಗಿ ಬಂದದ್ದು ಒಂದು ಪಾರ್ಸಲು. ಒಳಗೆ ಮೊದಲಿನವಕ್ಕಿಂತ ಅಗಲವಾದ ಪ್ಲೇಟು. ಕಾಗದವಿಲ್ಲ. ಪಾರ್ಸಲಿಗೆ ಸುತ್ತಿದ ಬಟ್ಟೆಯನ್ನು, ರಟ್ಟನ್ನು, ಒಳಗಿನ ತೆಳು ಹಾಳೆಯನ್ನು ಅಕ್ಕ ಬಿಡಿಸಿ ಬಿಡಿಸಿ ನೋಡಿದಳು.

“ಓಲೆ ಹಾಡಿನಲ್ಲೇ ಇರ್ತದೆ. ಹಾಕು ನೋಡುವ,” ಎಂದಳು.

ನಮ್ಮ ಗ್ರಾಮಫೋನಿನಲ್ಲಿ ಅದು ಕೋಳಿಮರಿಯ ಹಾಗೆ ಚೀಂಗುಟ್ಟಿತು. ನಿಧಾನ ತಿರುಗುವ ಹೊಸ ನಮೂನೆಯ ಪ್ಲೇಟು, ಅದಕ್ಕೆ ಕರೆಂಟಿನ ಮೆಷಿನೇ ಆಗಬೇಕು. ಮೂಡಬಿದ್ರೆಯ ಡಾಕ್ಟರೊಬ್ಬರ ಮನೆಯಲ್ಲಿ ಅಂಥದ್ದಿತ್ತು. ಅವರ ಹೆಂಡತಿ ಗೋವೆಯವರು, ಪೋರ್ಚುಗೀಸು ಓದಿದವರು; ಎಲ್ಲರೂ ಅವರನ್ನು ಬಾಯಮ್ಮ ಎನ್ನುತ್ತಿದ್ದರು. ಒಂದು ಭಾನುವಾರ ಸಿದ್ಧಕಟ್ಟೆಯ ದಾರಿಯ ಬಸ್ಸು ಹತ್ತಿ ಇಬ್ಬರೂ ಹೋದೆವು. ಅಕ್ಕ ಮದುವೆಯ ಸೀರೆ ಉಟ್ಟಿದ್ದಳು.

ಬಾಯಮ್ಮ ಪ್ಲೇಟು ಹಾಕಿದರು. ಮತ್ತೆ ಅದೇ ಹರಿದ ಗಂಟಲು, ಅದೇ ಒಂಟಿ ಗಿಟಾರು. ಒಬ್ಬನಾದ ಮೇಲೆ ಒಬ್ಬ, ಎಲ್ಲರೂ ಮುದುಕರು. ಅಕ್ಕ ಮುಂದಕ್ಕೆ ಬಾಗಿ ಕೂತಿದ್ದಳು. ಒಂದು ಬದಿ ಮುಗಿಯಿತು, ಇನ್ನೊಂದು ಬದಿಯೂ ಮುಗಿಯಿತು. ಓಲೆ ಎಂದು ಯಾರೂ ಕೂಗಲಿಲ್ಲ.

“ಸುತ್ತ ಜನ ಇಲ್ವಾ ಬಾಯಮ್ಮ?” ಎಂದು ಅಕ್ಕ ಕೇಳಿದಳು.

ಸ್ಪೇನಿನ ಭಾಷೆ ಪೋರ್ಚುಗೀಸಿಗೆ ಹತ್ತಿರವಂತೆ; ಅವರು ರಟ್ಟಿನ ಮೇಲಿನ ಬರಹವನ್ನು ಅರ್ಧ ಓದಿ ಅರ್ಧ ಊಹಿಸಿ ಹೇಳಿದರು. “ಥಿಯೇಟರಿನ ಹಾಡು ಬಂದು ಹಳೇದೆಲ್ಲ ಮರೆತುಹೋಗ್ತಾ ಉಂಟಂತೆ. ಹಾಗೆ ಉಳಿದ ಮುದುಕರನ್ನು ಹುಡುಕಿ, ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೂರಿಸಿ ಹಾಡಿಸಿದ್ದು. ಸಾಯುವ ಮೊದಲು ಹಿಡಿದಿಡ್ಲಿಕ್ಕೆ. ಜನ ಯಾಕಿರ್ತಾರೆ?”

“ಇನ್ನೊಮ್ಮೆ ಹಾಕ್ತೀರಾ?” ಎಂದಳು ಅಕ್ಕ. ಅವರು ಬೇಸರಿಸದೆ ಹಾಕಿದರು. ನಾನು ಮನಸ್ಸಿನಲ್ಲೇ ಆ ಮುದುಕರನ್ನು ಬೇಡಿಕೊಂಡೆ, ಒಬ್ಬನಾದರೂ ಕೂಗಲಿ ಎಂದು.

ಸಂಜೆಯ ಬಸ್ಸಿನಲ್ಲಿ ಅಕ್ಕ ಕಿಟಕಿಯ ಬದಿಗೆ ಕೂತಳು. ಓಲೆ ಎಂದರೆ ಶಹಬಾಸ್ ಎಂದು ಈಗಲಾದರೂ ಹೇಳಬೇಕು, ಆ ಸಾಲು ಬರೆದವಳು ನಾನೆಂದೂ ಹೇಳಬೇಕು ಎಂದು ನಾಲಿಗೆಯ ತುದಿಗೆ ಬಂದಿತ್ತು. ಹೆದರಿಕೆಯಾಯಿತು, ಹೇಳಲಿಲ್ಲ. ಸಿದ್ಧಕಟ್ಟೆ ದಾಟಿದ ಮೇಲೆ ಅವಳೇ ಮಾತಾಡಿದಳು. ಅತ್ತಿರಲಿಲ್ಲ.

“ನನ ಆಯೆ ಬರ್ಪುಜೆ,” ಎಂದಳು. ಇನ್ನು ಅವನು ಬರುವುದಿಲ್ಲ ಎಂದು.

ನಮ್ಮ ತುಳುವಿನಲ್ಲಿ ಗಂಡನನ್ನು ‘ಆರ್’ ಎನ್ನುತ್ತಾರೆ, ಅವರು ಎಂದು. ಎಷ್ಟು ಕಾಯಿಸಿದರೂ, ನಾನು ಎಷ್ಟು ಬೈದರೂ ಅಕ್ಕ ಅವರನ್ನು ಹಾಗೆಯೇ ಕರೆಯುತ್ತಿದ್ದಳು. ಮದುವೆಯಾದ ಹನ್ನೊಂದು ವರ್ಷಗಳಲ್ಲಿ ಅವಳು ‘ಆಯೆ’, ಅವನು ಎಂದದ್ದು ಅದೇ ಮೊದಲು.