ಮಾರುಕಟ್ಟೆ ವಿಶ್ಲೇಷಕನ ಕಾಲ್ಗುಣ

ಆ ಕೆಲಸಕ್ಕೆ ಹೆಸರಿಟ್ಟವನು ನಾನೇ. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿ, ಮೂವರು ಪಾಲುದಾರರ ವ್ಯಾಪಾರಕ್ಕೆ ಮ್ಯಾನೇಜರ್ ಆಗಿ ಸೇರಿದ್ದೆ. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ಕಡೆ ಅಂಗಡಿ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ ಮತ್ತು ಅದನ್ನು ಹೊಡೆಯುವ ಪಂಪು ಮಾರುತ್ತಿದ್ದೆವು. ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಒಂದೇ ಗೋಳು. ತೀರ್ಥಹಳ್ಳಿಯಲ್ಲಿ ಮಾಲು ಮುಗಿದು ಗಿರಾಕಿಗಳು ಬೈದುಕೊಂಡು ಹೋಗುತ್ತಿದ್ದರು. ಹೊಸನಗರದಲ್ಲಿ ಅದೇ ಮಾಲು ಮೂಟೆಗಟ್ಟಲೆ ಬಿದ್ದಿರುತ್ತಿತ್ತು. ಯಾವ ಊರಿಗೆ ಎಷ್ಟು ಬೇಕು, ಜನ ಯಾವಾಗ ಕೊಳ್ಳುತ್ತಾರೆ, ಯಾಕೆ ನಮ್ಮನ್ನು ಬಿಟ್ಟು ಬೇರೆಯವರ ಹತ್ತಿರ ಹೋಗುತ್ತಾರೆ ಎಂದು ಊರೂರು ತಿರುಗಿ ತಿಳಿದುಕೊಂಡು ಬಂದು ಹೇಳುವವನೊಬ್ಬ ಬೇಕು, ಅಂಥವನನ್ನು ಮಾರುಕಟ್ಟೆ ವಿಶ್ಲೇಷಕ ಎನ್ನುತ್ತಾರೆ ಎಂದೆ.

"ಕೇಳ್ಕಂಡು ಬರೋದಕ್ಕೂ ಸಂಬಳನಾ?" ಎಂದರು ಸಾಗರದ ಪಾಲುದಾರರು. ಮೂವರಲ್ಲಿ ಹಿರಿಯರು ಅವರು. ಕೊನೆಯ ಮಾತು ಯಾವಾಗಲೂ ಅವರದೇ. "ನಮ್ಮನೆ ಹೆಂಗಸ್ರು ಬಾವಿಕಟ್ಟೆ ಹತ್ರ ನಿಂತು ಇದೇ ಕೆಲಸ ಪುಕ್ಕಟೆ ಮಾಡ್ತಾರಲ್ಲ ಮ್ಯಾನೇಜರ್ರೇ."

ಅವರನ್ನು ಒಪ್ಪಿಸುವುದಕ್ಕೆ ಅರ್ಧ ಬೇಸಿಗೆ ಹಿಡಿಯಿತು. ಜಾಹೀರಾತು ಕೊಟ್ಟೆವು. ಬಂದವರಲ್ಲಿ ಒಬ್ಬ ನಿಟ್ಟೂರು ಕಡೆಯ ಹುಡುಗ. ಬಿ.ಎಸ್ಸಿ. ಮಾಡಿ ಶಾಲೆಯೊಂದರಲ್ಲಿ ಹಂಗಾಮಿ ಮೇಷ್ಟ್ರಾಗಿದ್ದ. ಮುಂದಿನ ವರ್ಷವೂ ಇರುತ್ತೇನೋ ಇಲ್ಲವೋ ಎಂದು ರಜೆ ಮುಗಿಯುವುದರೊಳಗೆ ಶಾಲೆಗೆ ಹೇಳಬೇಕಿತ್ತು. ಈ ಕೆಲಸ ನಿನಗೇ ಎಂದು ನಾನು ಹೇಳಿದ ಧೈರ್ಯದ ಮೇಲೆ ಇಲ್ಲ ಎಂದುಬಿಟ್ಟಿದ್ದ. ಆದರೆ ಪಾಲುದಾರರು, ಮೊದಲು ಜೀಪಿನಲ್ಲಿ ಒಂದು ಸುತ್ತು ಹಾಕಿಸೋಣ, ಆಮೇಲೆ ನೇಮಕದ ಮಾತು ಎಂದರು.

ಹಾಗೆ ನಾನು, ಹುಡುಗ, ಸಾಗರದ ಪಾಲುದಾರರು, ಡ್ರೈವರ್ ಹೊರಟಿದ್ದು ತುಮರಿಗೆ. ಶರಾವತಿಯ ಹಿನ್ನೀರು ಬಂದ ಮೇಲೆ ಆ ಕಡೆ ಹೋಗಬೇಕಾದರೆ ಜಂಗಲ್ ಹತ್ತಬೇಕಿತ್ತು. ಜಂಗಲ್ ಎಂದರೆ ಎರಡು ದೋಣಿಗಳನ್ನು ಜೋಡಿಸಿ ಮೇಲೆ ಹಲಗೆ ಹಾಸಿದ್ದು. ಜೀಪು ಹತ್ತಿತು. ಖಾಲಿ ಯಾಕೆ ಹೋಗಬೇಕು ಎಂದು ಸಾಗರದವರು ಅದರ ಸುತ್ತ ಮೈಲುತುತ್ತದ ಮೂಟೆಗಳನ್ನು ಪೇರಿಸಿದರು.

"ಭಾರ ಆಯ್ತು ಅಯ್ಯಾ, ಎರಡು ಸಲ ಹೋಗಣ," ಎಂದ ಅಂಬಿಗ.

"ಎರಡು ಸಲದ ಬಾಡಿಗೆ ನಿಮ್ಮಪ್ಪ ಕೊಡ್ತಾನಾ?" ಎಂದರು.

ಅಂಬಿಗ ನಕ್ಕ. ನಾವೂ ನಕ್ಕೆವು.

ಬೇಸಿಗೆಯ ಕೊನೆಗೆ ಹಿನ್ನೀರು ಇಳಿದಿರುತ್ತದೆ. ಮುಳುಗಿದ ಕಾಡಿನ ಒಣಮರಗಳ ತುದಿ ನೀರಿನ ಮಟ್ಟಕ್ಕೆ ಬಂದಿರುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ನಡು ನೀರಿನಲ್ಲಿ ಗಾಳಿ ಎದ್ದಿತು. ಹುಟ್ಟು ಹಾಕುವವರ ಹಿಡಿತಕ್ಕೆ ಸಿಗದೆ ಜಂಗಲ್ ಅಡ್ಡ ತಿರುಗಿತು. ಆಮೇಲೆ ಕೆಳಗಿನಿಂದ ಒಂದು ಸದ್ದು, ಯಾರೋ ಬಾಗಿಲಿಗೆ ಭುಜ ಕೊಟ್ಟು ನೂಕಿದಂತೆ. ಮರದ ತುದಿ ಒಂದು ದೋಣಿಗೆ ತಾಗಿತ್ತು. ಹಲಗೆ ವಾಲಿತು. ಜೀಪು ಜಾರಿ ಅದರ ಮುಂದಿನ ಚಕ್ರ ಅಂಚಿನಿಂದ ಆಚೆ ನೇತಾಡಿತು. ದೋಣಿಯೊಳಗೆ ನೀರು ನುಗ್ಗತೊಡಗಿತು. ನನಗೆ ಈಜು ಬಾರದು.

"ಮೂಟೆ ನೂಕ್ರಿ," ಎಂದು ಅಂಬಿಗ ಕೂಗಿದ. ನಾನು ಜೀಪಿನ ಕಂಬಿ ಹಿಡಿದು ನಿಂತೇ ಇದ್ದೆ. ಸಾಗರದವರು ಒಂದು ಮೂಟೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡಿದ್ದರು. ಹುಡುಗ ಕೂತಲ್ಲಿಂದಲೇ ಕಾಲು ಕೊಟ್ಟು ಒಂದೊಂದೇ ಮೂಟೆಯನ್ನು ನೀರಿಗೆ ತಳ್ಳಿದ. ಕೊನೆಗೆ ಅವರ ತೋಳಿನೊಳಗಿದ್ದದ್ದನ್ನೂ ಕಿತ್ತು ತಳ್ಳಿದ. ಬಾಯಿ ಬಿಚ್ಚಿದ ಮೂಟೆಗಳಿಂದ ನೀರು ನೀಲಿಯಾಗುತ್ತ ಹೋಯಿತು. ದೋಣಿಯೊಳಗಿನ ನೀರೂ ನೀಲಿ, ನನ್ನ ಪಂಚೆಯೂ ನೀಲಿ. ಜಂಗಲ್ ನಿಧಾನಕ್ಕೆ ನೆಟ್ಟಗಾಯಿತು. ದಡ ಸೇರಿದೆವು.

ಈಗಲೂ ಸ್ನಾನಕ್ಕೆ ಹೋದಾಗ, ಬಸ್ಸು ತಿರುವಿನಲ್ಲಿ ವಾಲಿದಾಗ ಕಾಲ ಕೆಳಗೆ ಆ ಹಲಗೆ ಜಾರುತ್ತದೆ. ಅಂಬಿಗ ಹೇಳಿದ ಮಾತು, ನಮ್ಮ ನಗು, ಆ ಸದ್ದು, ಇದೇ ಕ್ರಮದಲ್ಲಿ ಬಂದು ಹೋಗುತ್ತವೆ.

ಆದರೆ ನನ್ನ ನಿದ್ದೆ ಕೆಡಿಸುವುದು ಅದೊಂದೇ ಅಲ್ಲ. ಆಮೇಲೆ ಸಾಗರದ ಅಂಗಡಿಯ ಮೇಲಂತಸ್ತಿನಲ್ಲಿ ನಡೆದ ಸಭೆಯೂ ಕೆಡಿಸುತ್ತದೆ.

"ಮಾಣಿ ಬುದ್ಧಿವಂತ," ಎಂದು ಸಾಗರದವರು ಶುರು ಮಾಡಿದರು. "ಅವ ಮೂಟೆ ನೂಕದೆ ಇದ್ದಿದ್ರೆ ನಾನಿವತ್ತು ಇಲ್ಲಿ ಕೂತಿರ್ತಿರಲಿಲ್ಲ. ಮಾಲು ಹೋಯ್ತು ಅಂತ ನಂಗೆ ಸಿಟ್ಟೂ ಇಲ್ಲ. ಆದ್ರೆ ಕೆಲಸಕ್ಕೆ ಬೇಡ."

"ಎಂತಕ್ಕೆ?" ಎಂದರು ತೀರ್ಥಹಳ್ಳಿಯ ಪಾಲುದಾರರು.

"ಕಾಲ್ಗುಣ ಸರಿ ಇಲ್ಲ. ಅದೇ ಜಂಗಲ್ಲಲ್ಲಿ ನಾವು ಎಷ್ಟು ಸಲ ದಾಟಿಲ್ಲ? ಇವ ಬಂದ ದಿವಸವೇ ಹೀಗಾಗ್ಬೇಕಾ?"

ಭಾರ ಹೆಚ್ಚಾಗಿತ್ತು, ಅಂಬಿಗ ಮೊದಲೇ ಹೇಳಿದ್ದ ಎಂದೆ. ಅಂಬಿಗರು ಯಾವಾಗಲೂ ಹಾಗೇ ಹೇಳುತ್ತಾರೆ ಎಂದರು. ನನಗೆ ತಲೆ ಕೆಟ್ಟಿತು. "ಸೊಸೆ ತರುವಾಗ ಕಾಲ್ಗುಣ ನೋಡ್ತಾರೆ. ವಿಶ್ಲೇಷಕನಿಗೂ ನೋಡ್ತೀರಾ?"

"ಸೊಸೆಯಾದ್ರೆ ಮನೆ ಒಳಗಿರ್ತಾಳೆ," ಎಂದರು ಹೊಸನಗರದ ಪಾಲುದಾರರು. "ಇವ ಮೂರು ತಾಲ್ಲೂಕು ತಿರುಗೋವ. ಇನ್ನೂ ಜಾಸ್ತಿ ನೋಡ್ಬೇಕು."

ಅವರು ತಮಾಷೆ ಮಾಡುತ್ತಿರಲಿಲ್ಲ. ನನ್ನ ಮಾತು ನಂಬಿ ಮೇಷ್ಟ್ರ ಕೆಲಸ ಬಿಟ್ಟ ಹುಡುಗ ಕೆಳಗೆ ಬೆಂಚಿನ ಮೇಲೆ ಕಾಯುತ್ತಿದ್ದ. ನನ್ನ ಅರ್ಥಶಾಸ್ತ್ರದಿಂದ ಏನೂ ಆಗಲಿಲ್ಲ. ಕೊನೆಗೆ ಅವರ ದಾರಿಗೇ ಹೋದೆ. "ಕಾಲ್ಗುಣ ಅಂದ್ರೆ ಮೊದಲು ಕಾಲಿಟ್ಟವರದ್ದಲ್ವಾ? ಅವನು ಎಲ್ಲರಿಗಿಂತ ಕೊನೆಗೆ ಹತ್ತಿದ."

ನಾನು ಹೇಳಿದ್ದರಲ್ಲಿ ಅವರು ನಿಜವಾಗಿ ಕೇಳಿಸಿಕೊಂಡದ್ದು ಅದೊಂದನ್ನೇ.

"ಹಂಗಾದ್ರೆ ಮೊದಲು ಹತ್ತಿದ್ದು ಯಾರು?" ಎಂದರು ತೀರ್ಥಹಳ್ಳಿಯವರು.

ಮೊದಲು ಹತ್ತಿದವನು ಡ್ರೈವರ್. ಜೀಪು ಹತ್ತಿಸಬೇಕಿತ್ತಲ್ಲ. ಅವನು ಬಾಗಿಲ ಹತ್ತಿರವೇ ಕಾಫಿ ಲೋಟ ಹಿಡಿದು ನಿಂತಿದ್ದ. ಲೋಟ ಬಾಯಿಗೆ ಹೋಗದೆ ಅರ್ಧದಲ್ಲೇ ನಿಂತಿತು.

"ಜೀಪು," ಎಂದೆ.

"ಜೀಪಿಗೆ ಎಲ್ಲಿಂದ ಬಂತು ಕಾಲು?" ಎಂದರು ಸಾಗರದವರು.

"ಚಕ್ರ ಇದೆಯಲ್ಲ."

ನಗುತ್ತಾರೆ ಎಂದುಕೊಂಡೆ. ಯಾರೂ ನಗಲಿಲ್ಲ. ಅದನ್ನು ಯಾರಿಂದ ಕೊಂಡದ್ದು ಎಂದು ಹೊಸನಗರದವರು ವಿಚಾರಿಸಿದರು. ದಿವಾಳಿಯಾದ ಕಾಫಿ ತೋಟದವನಿಂದ ಎಂದು ಗೊತ್ತಾಯಿತು. "ನೋಡಿ ಮತ್ತೆ," ಎಂದು ಮೂವರೂ ಒಟ್ಟಿಗೆ ಹೇಳಿದರು. ಜೀಪನ್ನು ಒಬ್ಬ ಕಂಟ್ರಾಕ್ಟರಿಗೆ ಮಾರಿದರು. ಹುಡುಗನಿಗೆ ಕೆಲಸ ಕೊಟ್ಟರು.

ಊರೂರು ತಿರುಗುವ ಕೆಲಸಕ್ಕೆ ಈಗ ಜೀಪಿರಲಿಲ್ಲ. ಬಸ್ಸು ಹೋಗುವ ಊರು ಸಾಕು ಎಂದರು. ಆಮೇಲೆ, ಗಿರಾಕಿಗಳೇ ಇಲ್ಲಿಗೆ ಬರುತ್ತಾರಲ್ಲ, ಬಸ್ಸಾದರೂ ಯಾಕೆ ಎಂದರು. ಅವನನ್ನು ಸಾಗರದ ಅಂಗಡಿಯಲ್ಲಿ ತಕ್ಕಡಿಯ ಪಕ್ಕ ಕೂರಿಸಿದರು. ಅಲ್ಲಿಂದಲೇ ಅವನು ಬಂದವರನ್ನು ಎಷ್ಟು ತೋಟ, ಎಷ್ಟು ಸಲ ಔಷಧಿ ಹೊಡೆಯುತ್ತೀರಿ ಎಂದು ಕೇಳುತ್ತಿದ್ದ.

"ಇವ ಯಾರು, ಇನ್‌ಕಂ ಟ್ಯಾಕ್ಸಿನವನಾ?" ಎಂದು ಒಬ್ಬರು ಅರ್ಧ ತೂಗಿದ ಮಾಲು ಬಿಟ್ಟು ಎದ್ದು ಹೋದರು. ಗಿರಾಕಿಯನ್ನು ವಿಚಾರಣೆ ಮಾಡಬೇಡ ಮಾರಾಯ ಎಂದು ಸಾಗರದವರು ಅದನ್ನೂ ನಿಲ್ಲಿಸಿದರು.

ಮುಂದಿನ ಬೇಸಿಗೆಯಲ್ಲಿ ತುಮರಿಗೆ ಮತ್ತೆ ಮಾಲು ಹೊರಟಿತು. ಜಂಗಲ್ ಮೇಲೆ ಜೀಪು ನಿಲ್ಲುತ್ತಿದ್ದ ಜಾಗ ಖಾಲಿ ಬಿತ್ತು ಎಂದು ಅಲ್ಲಿಗೂ ಮೂಟೆ ಪೇರಿಸಿದರು. ಜೊತೆಗೆ ಹೋಗಲು ಹುಡುಗನಿಗೆ ಹೇಳಿದರು. "ಅವನಿಗೆ ಅನುಭವ ಇದೆ," ಎಂದರು.

"ಇಷ್ಟು ಭಾರ ಇದ್ರೆ ನಾನು ಹತ್ತಲ್ಲ," ಎಂದ ಅವನು. ಯಾರ ಮೇಲೂ ರೇಗಲಿಲ್ಲ. ಆ ದಿನವೇ ಲೆಕ್ಕ ಚುಕ್ತಾ ಮಾಡಿಕೊಂಡು ನಿಟ್ಟೂರಿನ ಬಸ್ಸು ಹತ್ತಿದ. ಅವನ ಶಾಲೆಯಲ್ಲಿ ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು.

ಮೂಟೆ ಅರ್ಧಕ್ಕಾದರೂ ಇಳಿಸಿ ಎಂದು ನಾನು ಸಾಗರದವರ ಹತ್ತಿರ ಜಗಳಕ್ಕೆ ಹೋದೆ. ಅವರು ಎಲೆಗೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿಸಿಕೊಂಡರು.

"ಜೀಪೇ ಮಾರಿ ಆಯ್ತಲ್ಲ, ಇನ್ನೆಂತ ಹೆದ್ರಿಕೆ?" ಎಂದರು. "ಇನ್ನೊಂದು ಜಾಹೀರಾತು ಬರೀರಿ. ಈ ಸಲ ಈಜು ಬರೋವ ಬೇಕು ಅಂತ ಸೇರಿಸಿ."