ಮುಂಡರಗಿಯ ಸಾಲು
ಬೆಟಗೇರಿಯ ಸೀರೆ ಅಂಗಡಿಯಲ್ಲಿ ಲೆಕ್ಕ ನೋಡುವ ಲಾಡಸಾಬ ಕಂಪ್ಯೂಟರನ್ನು ಪೂರಾ ನಂಬುವವನಲ್ಲ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಶಾಖೆಗಳ ವ್ಯಾಪಾರವೆಲ್ಲ ಬಿಲ್ಲಿನ ಸಾಫ್ಟ್‌ವೇರಿನಲ್ಲಿ ತಾನಾಗಿಯೇ ಬಂದು ಕೂತಿರುತ್ತಿತ್ತು. ಇವನು ಮಾತ್ರ ಪರದೆಗೆ ಕಟ್ಟಿಗೆಯ ಸ್ಕೇಲು ಹಿಡಿದು, ಒಂದೊಂದೇ ಅಂಕಿ ಗುನುಗುತ್ತ ಎಕ್ಸೆಲ್ ಹಾಳೆಗೆ ಬಡಿಯುತ್ತಿದ್ದ. ಆಗ ಚಹಾ ತಂದವರು ಬಾಗಿಲಲ್ಲೇ ನಿಲ್ಲಬೇಕು, ಫ್ಯಾನೂ ಬಂದ್. "ಅಂಕಿಗೆ ಮನಷ್ಯಾನ ಕೈ ಹತ್ತಬೇಕ್ರಿ" ಎನ್ನುತ್ತಿದ್ದ. ಹೊಸದಾಗಿ ಕೆಲಸಕ್ಕೆ ಬಂದ ಸೌಂದರ್ಯಾ ಸಾಫ್ಟ್‌ವೇರನ್ನೇ ನೇರವಾಗಿ ಹಾಳೆಗೆ ಜೋಡಿಸಿದಳು. ಗುಂಡಿ ಒತ್ತಿದೊಡನೆ ಮಾಲಕರ ಎದುರು ಎಲ್ಲ ಶಾಖೆಗಳ ಅಂಕಿ ತುಂಬಿಕೊಂಡವು. ಮುಂಡರಗಿಯದು ಲಾಡಸಾಬ ಕೊಡುತ್ತ ಬಂದ ವರದಿಯ ಅರ್ಧದಷ್ಟೂ ಇರಲಿಲ್ಲ. ಲಾಡಸಾಬ ಸ್ಕೇಲು ಕೆಳಗಿಟ್ಟು ಎಲ್ಲ ಒಪ್ಪಿಕೊಂಡ. ಗಂಡ ತೀರಿಕೊಂಡ ಮೇಲೆ ಆ ಶಾಖೆ ನೋಡಿಕೊಳ್ಳಲು ಬಂದ ಚನ್ನಮ್ಮನ ಕೆಲಸ ಉಳಿಯಲೆಂದು, ಲಕ್ಷ್ಮೇಶ್ವರದ ವ್ಯಾಪಾರದಲ್ಲಿ ಒಂದಿಷ್ಟನ್ನು ಅವನು ಪ್ರತಿ ತಿಂಗಳೂ ಮುಂಡರಗಿಯ ಸಾಲಿಗೆ ಸರಿಸುತ್ತ ಬಂದಿದ್ದ. ಮಾಲಕರು ಬೈಯಲಿಲ್ಲ. ಚನ್ನಮ್ಮನನ್ನು ಕರೆಸಿ, ಹಾಳೆ ತೋರಿಸಿ, ನಡೆದದ್ದನ್ನು ತಿಳಿಸಿ, ಶಾಖೆ ಮುಚ್ಚುವುದಾಗಿ ಹೇಳಿದರು. ದೀಪಾವಳಿಯಲ್ಲಿ ಒಳ್ಳೆಯ ವ್ಯಾಪಾರಕ್ಕೆಂದು ಎಲ್ಲರ ಮುಂದೆ ಅದೇ ಮಾಲಕರಿಂದ ಶಾಲು ಹೊದಿಸಿಕೊಂಡಿದ್ದ ಆಕೆ ಮುಂಡರಗಿಯ ಸಾಲಿನ ಮೇಲೆ ಬೆರಳಿಟ್ಟು ಅಂಕಿ ಓದಿದಳು. ಆಮೇಲೆ ಲಾಡಸಾಬನ ಕಡೆ ತಿರುಗಿ, "ಚಲೋ ನಡಸೀರಿ ಅಂದ್ರ ನಾ ಖರೇನ ಅನ್ಕೊಂಡಿದ್ದೆ, ಅಣ್ಣಾರ. 'ನಿನಗ ವ್ಯಾಪಾರ ಬರಾಕತ್ತಿಲ್ಲವ್ವ' ಅಂತ ನೀವು ಅವತ್ತ ಹೇಳಿದ್ರ ಕಲೀತಿದ್ದೆ" ಎಂದಳು. ಬಸ್ ಸ್ಟ್ಯಾಂಡಿನ ತನಕ ಬಿಟ್ಟು ಬರುತ್ತೇನೆಂದು ಲಾಡಸಾಬ ಚಪ್ಪಲಿ ಮೆಟ್ಟಿಕೊಂಡ. "ಬ್ಯಾಡ್ರಿ, ನನಗ ದಾರಿ ಗೊತ್ತೈತಿ" ಎಂದು ಆಕೆ ಒಬ್ಬಳೇ ಮೆಟ್ಟಿಲಿಳಿದಳು.